ಜೀಪು ತುಂಬುವ ಬಗೆ

'ದಿ ಕೇರಳ ಸ್ಟೋರಿ' ಸಿನಿಮಾ ನೋಡಿದ ಕೊಲ್ಲೂರಿನ ಓದುಗರೊಬ್ಬರ ಪ್ರಶ್ನೆ: "ಹೆಣ್ಣುಮಕ್ಕಳು ಊರು ಬಿಟ್ಟು ಐಸಿಸ್ ಸೇರುವುದು ಯಾಕೆ ಮಾರಾಯ್ರೆ? ತಲೆ ತಿರುಗಿಸುವ ಮದ್ದು ಏನಾದರೂ ಉಂಟಾ?"

ಮದ್ದು ಇಲ್ಲ. ಟೀಸರ್‌ನಲ್ಲಿ ಹೇಳಿದ 32,000 ಹೆಣ್ಣುಮಕ್ಕಳ ಲೆಕ್ಕಕ್ಕೂ ಆಧಾರವಿಲ್ಲ. ಆ ಸಂಖ್ಯೆಗೆ ಅಧಿಕೃತ ದಾಖಲೆ ಇಲ್ಲವೆಂದು ಚಿತ್ರದಲ್ಲೇ ತೋರಿಸಲು ನಿರ್ಮಾಪಕರು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಒಪ್ಪಿದರು. ಹಾಗಂತ ವಿಷಯವೇ ಕಟ್ಟುಕತೆಯಲ್ಲ. 2016ರಲ್ಲಿ ನಮ್ಮ ಪಕ್ಕದ ಕಾಸರಗೋಡು ಹಾಗೂ ಪಾಲಕ್ಕಾಡಿನಿಂದ 21 ಜನ ಮಾಯವಾದರು. ಐಸಿಸ್ ಸೇರಲು ಅವರು ಹೋದದ್ದು ಅಫ್ಘಾನಿಸ್ತಾನದ ನಂಗರ್‌ಹಾರ್‌ಗೆ. ಅವರಲ್ಲಿ ಗರ್ಭಿಣಿಯರೂ ಇದ್ದರು, ಮಕ್ಕಳೂ ಇದ್ದರು. ಐಸಿಸ್ ಸೇರಲು ಇರಾಕ್, ಸಿರಿಯಾಗಳಿಗೆ 80 ದೇಶಗಳಿಂದ ಹೋದ 41,490 ಜನರಲ್ಲಿ 4,761 ಮಹಿಳೆಯರೆಂದು ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2018ರಲ್ಲಿ ಲೆಕ್ಕ ಕೊಟ್ಟರು.

ಮದ್ದಿಲ್ಲದೆ ಹೋಗುವುದು ಹೇಗೆ? ಕೊಡಚಾದ್ರಿಗೆ ಹೋಗುವ ಬಾಡಿಗೆ ಜೀಪು ನೋಡಿದ್ದೀರಲ್ಲ? ಜನ ತುಂಬದೆ ಅದು ಹೊರಡದು. "ಇನ್ನ್ ಇಬ್ರ್ ಬರ್ಲಿ, ಹೋಪ" ಎನ್ನುತ್ತಾನೆ ಡ್ರೈವರ್. ಆಗ ಒಳಗೆ ಕೂತ ಅಣ್ಣ ಹೊರಗಿದ್ದ ತಂಗಿಯನ್ನು ಕರೆಯುತ್ತಾನೆ, ಅವಳು ಗೆಳತಿಯ ಕೈ ಹಿಡಿದು ಎಳೆಯುತ್ತಾಳೆ. ಗುಡ್ಡದ ಆಸೆ ಎಲ್ಲರಿಗೂ ಇರಬಹುದು. ಹತ್ತಿಸುವುದು ಮಾತ್ರ ಪರಿಚಯದ ದನಿ.

ಮಾರ್ಕ್ ಸೇಜ್‌ಮನ್ ಎಂಬ ಅಮೆರಿಕದ ಮನೋವೈದ್ಯ ಕಂಡದ್ದೂ ಇದನ್ನೇ. ಹಿಂದೆ ಸಿಐಎಯಲ್ಲಿದ್ದ ಈತ 172 ಉಗ್ರರ ಜೀವನ ಜಾಲಾಡಿ 2004ರಲ್ಲಿ ಪುಸ್ತಕ ಬರೆದ. ಬಡತನ, ಬುದ್ಧಿಭ್ರಮಣೆ ಎಂಬ ಸುಲಭದ ಉತ್ತರಗಳು ಅಲ್ಲಿ ನಿಲ್ಲಲಿಲ್ಲ. ಬಹುಪಾಲು ಜನ ಬಂದದ್ದು ಗೆಳೆತನ, ನೆಂಟಸ್ತಿಕೆಯ ದಾರಿಯಲ್ಲಿ.

ಅವನ ಪಟ್ಟಿ ಗಂಡಸರದು. ಆದರೆ ಹೆಂಗಸರ ಕತೆಗೂ ಅದು ಹೊಂದುತ್ತದೆ. ಕಾಸರಗೋಡಿನ ಗುಂಪಿನಲ್ಲಿ ಅಣ್ಣತಮ್ಮಂದಿರು, ಅವರವರ ಹೆಂಡಿರು ಒಟ್ಟಿಗೇ ಹೊರಟಿದ್ದರು. 2015ರ ಫೆಬ್ರವರಿಯಲ್ಲಿ ಪೂರ್ವ ಲಂಡನ್ನಿನ ಮೂವರು ಶಾಲಾ ಹುಡುಗಿಯರು, ಮೊದಲೇ ಸಿರಿಯಾಕ್ಕೆ ಹೋಗಿದ್ದ ಗೆಳತಿಯ ಹಾದಿ ಹಿಡಿದರು. ಐಸಿಸ್ ಕಡೆಯಿಂದ ಸೆಳೆತವೂ ಇತ್ತು: 'ಪರಿಶುದ್ಧ' ನಾಡು, ವೀರನ ಹೆಂಡತಿಯೆಂಬ ಗೌರವ, ಹೊಸ ರಾಜ್ಯದ ತಾಯಿಯೆಂಬ ಪಟ್ಟ. ಸಿಕ್ಕಿದ್ದು ನಾಲ್ಕು ಗೋಡೆ, ಯುದ್ಧ, ವೈಧವ್ಯ. ಕೇರಳದ ಕೆಲವು ಹೆಂಗಸರು 2019ರ ಕೊನೆಗೆ ಅಫ್ಘನ್ ಪಡೆಗಳಿಗೆ ಶರಣಾಗಿ ಕಾಬೂಲಿನ ಜೈಲು ಸೇರಿದರು.

ಹಾಗಾಗಿ ಮದ್ದಿನ ಮಾತು ಬಿಡಿ. ಮನೆಯ ಹುಡುಗಿ ಹಳೆಯ ಗೆಳತಿಯರನ್ನೆಲ್ಲ ಬಿಟ್ಟು ಒಂದೇ ಬಳಗಕ್ಕೆ ಅಂಟಿಕೊಂಡರೆ, ಬೈಯದೆ, ಪಕ್ಕ ಕೂತು ಮಾತಾಡಿಸಿ. ಕಾಸರಗೋಡಿನ ಆ ಮನೆಗಳಿಗೆ ವಿಷಯ ಗೊತ್ತಾದದ್ದು, ಇನ್ನು ವಾಪಸು ಬರುವುದಿಲ್ಲವೆಂಬ ಸಂದೇಶ ಮೊಬೈಲಿಗೆ ಬಂದಾಗ.