ವಿಡಿಯೊ ಬಂತು, ಪಾಠ ಬದಲಾಯಿತೇ?

ನಮ್ಮ ಉನ್ನತ ಶಿಕ್ಷಣದಲ್ಲಿ ಡಿಜಿಟಲ್ ಸಾಧನಗಳಿಗೆ ಬರವಿಲ್ಲ. ಐಐಟಿಗಳು ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಎನ್‌ಪಿಟಿಇಎಲ್ ಎಂಬ ವಿಡಿಯೊ ಪಾಠಗಳ ಯೋಜನೆ ಆರಂಭಿಸಿದ್ದು 2003ರಲ್ಲಿ. ಮರುವರ್ಷ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. 2017ರಲ್ಲಿ ಆನ್‌ಲೈನ್ ಕೋರ್ಸ್‌ಗಳ ಸರ್ಕಾರಿ ವೇದಿಕೆ ‘ಸ್ವಯಂ’ ಬಂತು. ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸ್‌ಗಳನ್ನು ಅದರಲ್ಲೇ ಓದಲು ಯುಜಿಸಿ 2021ರಲ್ಲಿ ಅವಕಾಶ ಕೊಟ್ಟಿತು. ಇಷ್ಟೆಲ್ಲ ಬಂದರೂ ಬಹುತೇಕ ತರಗತಿಗಳಲ್ಲಿ ನಡೆಯುವುದು ಅದೇ ಉಪನ್ಯಾಸ, ಅದೇ ನೋಟ್ಸ್. ಕರಿಹಲಗೆಯ ಮೇಲಿದ್ದದ್ದು ಈಗ ಪಿಪಿಟಿಯಲ್ಲಿದೆ, ಅಷ್ಟೇ. ಪಾಠ ಹೇಳುವ ಕ್ರಮ ಬದಲಾಗದೆ ಹೊಸ ತಂತ್ರಜ್ಞಾನದಿಂದ ಕಲಿಕೆ ಸುಧಾರಿಸದು.

ವಿಡಿಯೊ ಪಾಠಗಳ ಅನುಭವವೇ ಇದಕ್ಕೆ ಪುರಾವೆ. ಹಾರ್ವರ್ಡ್ ಮತ್ತು ಎಂಐಟಿ ನಡೆಸಿದ ಆನ್‌ಲೈನ್ ಕೋರ್ಸ್‌ಗಳ ಅಂಕಿಅಂಶಗಳನ್ನು 2019ರಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿತು. 2017-18ರಲ್ಲಿ ಕೋರ್ಸ್ ಮುಗಿಸಿದವರು ಶೇ 3ರ ಆಸುಪಾಸು. ಕುತೂಹಲಕ್ಕೆ ಹೆಸರು ನೋಂದಾಯಿಸಿ ಬಿಟ್ಟವರೂ ಇದರಲ್ಲಿದ್ದಾರೆ ಎಂಬುದು ನಿಜ. ಆದರೆ ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಕೊನೆ ಮುಟ್ಟಲಿಲ್ಲ. ಜಗತ್ತಿನ ಅತ್ಯುತ್ತಮ ಉಪನ್ಯಾಸವೂ ಒಂಟಿಯಾಗಿ ಕೂತ ವಿದ್ಯಾರ್ಥಿಯನ್ನು ಹಿಡಿದಿಡಲಾರದು.

ಹಾಗಾದರೆ ಫಲ ಕೊಡುವುದು ಯಾವುದು? ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಬೋಧನೆಯ ಕುರಿತ 225 ಅಧ್ಯಯನಗಳನ್ನು ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ಒಟ್ಟುಗೂಡಿಸಿ ನೋಡಿದರು. ಬರೀ ಉಪನ್ಯಾಸ ಕೇಳಿದವರಲ್ಲಿ ಸುಮಾರು ಶೇ 34 ಮಂದಿ ಅನುತ್ತೀರ್ಣರಾಗಿದ್ದರೆ, ತರಗತಿಯಲ್ಲೇ ಯೋಚಿಸಿ, ಚರ್ಚಿಸಿ, ಲೆಕ್ಕ ಬಿಡಿಸಿದವರಲ್ಲಿ ಆ ಪ್ರಮಾಣ ಶೇ 22. ಹಾರ್ವರ್ಡ್‌ನ ಎರಿಕ್ ಮಜೂರ್ ರೂಪಿಸಿದ ಕ್ರಮ ಇದಕ್ಕೊಂದು ಮಾದರಿ. ಲಿಫ್ಟೊಂದು ಒಂದೇ ವೇಗದಲ್ಲಿ ಮೇಲೇರುತ್ತಿದೆ. ಅದನ್ನು ಎಳೆಯುವ ಉಕ್ಕಿನ ಹಗ್ಗದ ಬಲ ಲಿಫ್ಟಿನ ತೂಕಕ್ಕಿಂತ ಹೆಚ್ಚೋ, ಸಮವೋ ಎಂದು ಅಧ್ಯಾಪಕರು ಕೇಳುತ್ತಾರೆನ್ನಿ. ವಿದ್ಯಾರ್ಥಿಗಳು ಮೊಬೈಲಿನಲ್ಲಿ ಉತ್ತರ ಒತ್ತುತ್ತಾರೆ. ‘ಹೆಚ್ಚು’ ಎಂದವರು ‘ಸಮ’ ಎಂದ ಪಕ್ಕದವರೊಡನೆ ವಾದಿಸಬೇಕು, ಆಮೇಲೆ ಮತ್ತೊಮ್ಮೆ ಉತ್ತರಿಸಬೇಕು. ವೇಗ ಬದಲಾಗದಿದ್ದರೆ ಬಲಗಳು ಸಮವೆಂಬ ನ್ಯೂಟನ್ನನ ನಿಯಮ ಆ ವಾದದಲ್ಲಿ ಮನಸ್ಸಿಗಿಳಿಯುತ್ತದೆ. ಯಾರು ಎಲ್ಲಿ ಎಡವಿದರೆಂಬುದು ಅಧ್ಯಾಪಕರಿಗೆ ಆ ಕ್ಷಣವೇ ತಿಳಿಯುತ್ತದೆ. ಮೊಬೈಲಿನ ನಿಜವಾದ ಉಪಕಾರ ಇದು.

ಅಧ್ಯಾಪಕರೇ ಸಾಲದಿರುವಾಗ ವಿಡಿಯೊವಾದರೂ ಇರಲಿ ಎನ್ನುವವರಿದ್ದಾರೆ. ಇರಲಿ, ಆದರೆ ಅದೊಂದೇ ಸಾಲದು; ವಾರವಾರದ ಅಸೈನ್‌ಮೆಂಟ್, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆ, ಕಾಲೇಜಿನಲ್ಲೇ ಮಾರ್ಗದರ್ಶಕರು ಎಂಬ ವ್ಯವಸ್ಥೆಯನ್ನು ಎನ್‌ಪಿಟಿಇಎಲ್ ಕೂಡ ಕಟ್ಟಿಕೊಂಡಿದೆ. ಹಳ್ಳಿಯ ಮಕ್ಕಳು ಹಿಂದುಳಿಯುತ್ತಾರೆಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಇಂಟರ್‌ನೆಟ್ ಸೌಲಭ್ಯವಿದ್ದ ಗ್ರಾಮೀಣ ಮನೆಗಳು ಶೇ 15ರಷ್ಟು ಮಾತ್ರ. ಅಲ್ಲಿಂದೀಚೆಗೆ ಮೊಬೈಲ್ ಹಬ್ಬಿದೆ; ಆದರೂ ಮನೆಮಂದಿಗೆಲ್ಲ ಒಂದೇ ಫೋನಿದ್ದರೆ ಓದಲು ಸಾಲದು. ಆದ್ದರಿಂದ ಕಾಲೇಜಿನ ಗ್ರಂಥಾಲಯದಲ್ಲೇ ಕಂಪ್ಯೂಟರ್, ವೈಫೈ ಸಂಜೆಯವರೆಗೂ ಸಿಗಬೇಕು. ಎಐ ಬಂದ ಮೇಲೆ ಅಸೈನ್‌ಮೆಂಟಿಗೆ ಅರ್ಥವೇನು ಎಂಬ ಆತಂಕಕ್ಕೂ ಉತ್ತರ ತರಗತಿಯಲ್ಲೇ ಇದೆ: ಬರೆದು ತಂದದ್ದನ್ನು ಎದುರು ನಿಂತು ವಿವರಿಸಲು ಹೇಳಿದರೆ ಅರಿತವರು ಯಾರೆಂದು ಗೊತ್ತಾಗುತ್ತದೆ.

ಇದಕ್ಕೆಲ್ಲ ಬೇಕಾದದ್ದು ಅಧ್ಯಾಪಕರ ಸಮಯ. ಒಳ್ಳೆಯ ಪ್ರಶ್ನೆ ಹೆಣೆಯಲು ಉಪನ್ಯಾಸ ಸಿದ್ಧಪಡಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಸ್ಮಾರ್ಟ್ ಬೋರ್ಡಿಗೆ ಟೆಂಡರ್ ಕರೆಯುವ ವಿಶ್ವವಿದ್ಯಾಲಯ ಖಾಲಿ ಹುದ್ದೆಗಳನ್ನು ತುಂಬಲಿ, ಇರುವವರಿಗೆ ತರಬೇತಿ ಕೊಡಲಿ, ಪಾಠ ರೂಪಿಸುವ ಗಂಟೆಗಳನ್ನೂ ಕಾರ್ಯಭಾರದಲ್ಲಿ ಲೆಕ್ಕ ಹಿಡಿಯಲಿ. ಬಜೆಟ್ಟಿನಲ್ಲಿ ಮೊದಲ ಸಾಲು ಅದಕ್ಕೇ ಮೀಸಲಾಗಬೇಕು.