ಕೈಯಲ್ಲಿ ಹಿಡಿಯುವ ಮೌಸ್: ಮಣಿಕಟ್ಟಿಗೆ ಆರಾಮ, ಹೆಬ್ಬೆರಳಿಗೆ?

ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು ಲೆಕ್ಕಪತ್ರ, ಡಿಟಿಪಿ ಅಥವಾ ಆನ್‌ಲೈನ್ ಕೆಲಸ ಮಾಡುವವರಲ್ಲಿ ಮಣಿಕಟ್ಟು ಮತ್ತು ಭುಜದ ನೋವು ಸಾಮಾನ್ಯ. ಪರಿಹಾರವೆಂದು ಕೆಲವರು ಕೈಯಲ್ಲಿ ಹಿಡಿಯುವ ಟ್ರ್ಯಾಕ್‌ಬಾಲ್ ಮೌಸ್ ಕೊಳ್ಳುತ್ತಾರೆ. ಅದು ಎಲ್ಲರಿಗೂ ಒಗ್ಗುವುದೇ?

ಸಾಮಾನ್ಯ ಮೌಸನ್ನು ಮೇಜಿನ ಮೇಲೆ ಸರಿಸಬೇಕು. ಆಗ ತೋಳು ಚಾಚಿ, ಮಣಿಕಟ್ಟು ಮೇಲಕ್ಕೆ ಬಾಗಿರುತ್ತದೆ. ಟ್ರ್ಯಾಕ್‌ಬಾಲ್‌ನಲ್ಲಿ ಅದರೊಳಗಿನ ಗೋಲಿಯನ್ನು ಉರುಳಿಸಿದರೆ ಸಾಕು, ಪರದೆಯ ಮೇಲಿನ ಬಾಣ ಚಲಿಸುತ್ತದೆ. ಕೈಯಲ್ಲಿ ಹಿಡಿಯುವ ಮಾದರಿ ಹೆಚ್ಚುಕಡಿಮೆ ಟಿವಿ ರಿಮೋಟಿನಂತೆ: ಹೆಬ್ಬೆರಳು ಗೋಲಿ ಉರುಳಿಸುತ್ತದೆ, ತೋರುಬೆರಳು ಕ್ಲಿಕ್ ಮಾಡುತ್ತದೆ. ಕೈಯನ್ನು ತೊಡೆಯ ಮೇಲಿಟ್ಟುಕೊಂಡೂ ಕೆಲಸ ಮಾಡಬಹುದು.

ಇದರಿಂದ ಭುಜ ಹಗುರವಾಗುತ್ತದೆ. ಆದರೆ ಮೊದಮೊದಲು ಬಾಣ ಗುರಿ ತಪ್ಪುತ್ತದೆ. ಚಿತ್ರ ತಿದ್ದುವಂಥ ಸೂಕ್ಷ್ಮ ಕೆಲಸ ಕಷ್ಟ. ಟೈಪ್ ಮಾಡುವಾಗಲೆಲ್ಲ ಅದನ್ನು ಕೆಳಗಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಣಿಕಟ್ಟಿನ ಶ್ರಮವೆಲ್ಲ ಹೆಬ್ಬೆರಳಿನ ಮೇಲೆ ಬೀಳುತ್ತದೆ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ನಿಧಾನವಾಗಿ ಬಾಗಿಸಿ. ಹೆಬ್ಬೆರಳ ಬುಡದ ಬಳಿ ಚುಚ್ಚಿದಂತೆ ನೋವಾದರೆ ಅಲ್ಲಿನ ಸ್ನಾಯುರಜ್ಜು ಊದಿಕೊಂಡಿರಬಹುದು. ಅಂಥವರಿಗೆ ಈ ಮೌಸ್ ಬೇಡ. ಮಗುವನ್ನು ಪದೇಪದೇ ಎತ್ತಿಕೊಳ್ಳುವ ತಾಯಂದಿರಲ್ಲಿ ಈ ನೋವು ಹೆಚ್ಚು. ಅಂಥವರು ಬೆರಳುಗಳಿಂದ ಉರುಳಿಸುವ, ದೊಡ್ಡ ಗೋಲಿಯ ಮೇಜಿನ ಟ್ರ್ಯಾಕ್‌ಬಾಲ್ ನೋಡಬಹುದು.

ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತದೆಯೇ? ಕೈಯಿಂದ ಲೋಟ ಜಾರುತ್ತದೆಯೇ? ಮಣಿಕಟ್ಟಿನಲ್ಲಿ ನರ ಒತ್ತಿಹೋಗಿರುವ ಸೂಚನೆಯಿದು. ಯುನಾನಿಯಲ್ಲಿ ದಲ್ಕ್, ಅಂದರೆ ಮಾಲೀಶು, ದಣಿದ ಸ್ನಾಯುವಿಗೆ ಹಿತ. ಆದರೆ ಒತ್ತಿಹೋದ ನರವನ್ನು ಎಣ್ಣೆ ತಿಕ್ಕಿ ಬಿಡಿಸಲಾಗದು. ಬೇಗ ವೈದ್ಯರಿಗೆ ತೋರಿಸಿ. ತಡಮಾಡಿದರೆ ಹೆಬ್ಬೆರಳ ಬುಡದ ಸ್ನಾಯು ಸೊರಗಿ, ಕೈಯ ಹಿಡಿತವೇ ಕಡಿಮೆಯಾದೀತು.

ಶುಚಿತ್ವವನ್ನೂ ಮರೆಯಬೇಡಿ. ಬೆರಳಿನ ಬೆವರು, ಜಿಡ್ಡು, ಧೂಳು ಗೋಲಿಯ ಗುಂಡಿಯಲ್ಲಿ ಸೇರಿ ಅದು ತಡೆದು ತಡೆದು ಉರುಳುತ್ತದೆ. ಆಗ ಬೆರಳಿಗೆ ಇನ್ನಷ್ಟು ಶ್ರಮ. ಗೋಲಿ ಹೊರಬರುವ ಮಾದರಿಯಾದರೆ ವಾರಕ್ಕೊಮ್ಮೆ ತೆಗೆದು, ಒಣಬಟ್ಟೆಯಿಂದ ಎರಡನ್ನೂ ಒರೆಸಿ. ಚಿಕ್ಕ ಮಕ್ಕಳು ಗೋಲಿಯನ್ನು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ಮನೆಮಂದಿಯೆಲ್ಲ ಒಂದೇ ಮೌಸ್ ಬಳಸುವುದಾದರೆ ಕೈತೊಳೆದೇ ಮುಟ್ಟಿ.

ಯಾವ ಮೌಸ್ ಆದರೂ ಅರ್ಧ ಗಂಟೆಗೊಮ್ಮೆ ಕೆಳಗಿಟ್ಟು ಕೈಗೆ ವಿಶ್ರಾಂತಿ ಕೊಡಿ.