ಮೆಲನೇಶಿಯದ ಸೋದರಸಂಘ

ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯು ಪೋಪರ ಅಧಿಕಾರವನ್ನು ತಿರಸ್ಕರಿಸಿದ ಸಂಗತಿಯನ್ನು ನಾವು ಚರಿತ್ರೆಯ ಪಾಠದಲ್ಲಿ ಓದುತ್ತೇವೆ. ಅದರ ಬೆನ್ನಲ್ಲೇ ಅವನು 1536ರಿಂದ 1540ರೊಳಗೆ ರಾಜ್ಯದ ಸುಮಾರು 800 ಕ್ರೈಸ್ತ ಮಠಗಳನ್ನು ಮುಚ್ಚಿಸಿ, ಅವುಗಳ ಆಸ್ತಿಯನ್ನು ವಶಪಡಿಸಿಕೊಂಡನು. ಹೀಗೆ ರೋಮಿನಿಂದ ಬೇರ್ಪಟ್ಟ ಆಂಗ್ಲಿಕನ್ ಸಭೆಯಲ್ಲಿ ಮುಂದೆ ಸುಮಾರು 300 ವರ್ಷಗಳ ಕಾಲ ಸಂನ್ಯಾಸಿಗಳ ಮಠಗಳೇ ಇರಲಿಲ್ಲ. 1841ರಲ್ಲಿ ಮೇರಿಯನ್ ಹ್ಯೂಸ್ ಎಂಬ ಮಹಿಳೆಯು ವ್ರತ ಸ್ವೀಕರಿಸಿದಳು. ಬತ್ತಿಹೋಗಿದ್ದ ಸಂಪ್ರದಾಯವು ಮೆಲ್ಲಮೆಲ್ಲನೆ ಮರಳಿ ಚಿಗುರಿತು.

ಆ ಚಿಗುರಿನ ಒಂದು ಕವಲು ಇಂಗ್ಲೆಂಡಿಗೆ ಬಹುದೂರದಲ್ಲಿ, ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಬೆಳೆಯಿತು. ಅದನ್ನು ನೆಟ್ಟವರು ಬಿಳಿಯರಲ್ಲ. ಗ್ವಾಡಲ್‌ಕನಾಲ್ ದ್ವೀಪದ ಇನಿ ಕೊಪುರಿಯಾ ಎಂಬುವರು ಮಿಷನ್ ಶಾಲೆಯಲ್ಲಿ ಓದಿ ಪೊಲೀಸ್ ಪಡೆಯನ್ನು ಸೇರಿದ್ದರು. 1924ರಲ್ಲಿ ಮೊಣಕಾಲಿಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವರಿಗೊಂದು ಯೋಚನೆ ಹೊಳೆಯಿತು: ಪೊಲೀಸಿನವನಾಗಿ ಸುತ್ತಿದ ಊರುಗಳಿಗೆ ಧರ್ಮಬೋಧಕನಾಗಿ ಏಕೆ ಹೋಗಬಾರದು? ಮರುವರ್ಷ, 1925ರ ಅಕ್ಟೋಬರಿನಲ್ಲಿ, ಬಿಷಪ್ ಜಾನ್ ಸ್ಟುವರ್ಡರ ಬೆಂಬಲದಿಂದ ಅವರು ವ್ರತ ಕೈಕೊಂಡರು. ತಬಾಲಿಯಾದಲ್ಲಿದ್ದ ತಮ್ಮ ಜಮೀನನ್ನೂ ಸಂಘಕ್ಕೆ ಕೊಟ್ಟುಬಿಟ್ಟರು.

ನಮ್ಮ ನಾಡಿನಲ್ಲಿ ಕಾವಿ ತೊಟ್ಟವರು ಮತ್ತೆ ಗೃಹಸ್ಥರಾಗುವುದನ್ನು ಜನ ಒಪ್ಪುವುದು ವಿರಳ. ಈ ಸೋದರರ ಕ್ರಮವೇ ಬೇರೆ. ದಾರಿದ್ರ್ಯ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ಅವರು ಕೆಲವು ವರ್ಷಗಳ ಅವಧಿಗೆ ಮಾತ್ರ ತೊಡುತ್ತಾರೆ. ಅವಧಿ ಮುಗಿದ ಬಳಿಕ ಊರಿಗೆ ಮರಳಿ ಮದುವೆಯಾದರೆ ಯಾರೂ ಹಳಿಯರು. ಸ್ವತಃ ಕೊಪುರಿಯಾ ಅವರೇ 1940ರಲ್ಲಿ ವ್ರತದಿಂದ ಬಿಡುಗಡೆ ಹೊಂದಿ ವಿವಾಹವಾದರು! ವ್ರತವು ಅಲ್ಪಕಾಲದ್ದೆಂದು ಅದನ್ನು ಹಗುರವೆಂದು ಎಣಿಸಲಾಗದು. ಏಕೆಂಬುದನ್ನು ಮುಂದಿನ ಘಟನೆಗಳಲ್ಲಿ ನೋಡೋಣ.

1998ರ ಕೊನೆಯಲ್ಲಿ ಗ್ವಾಡಲ್‌ಕನಾಲಿನವರಿಗೂ, ಮಲೈಟಾ ದ್ವೀಪದಿಂದ ಬಂದು ಅಲ್ಲಿ ನೆಲೆಸಿದ್ದವರಿಗೂ ಕಲಹ ಹೊತ್ತಿತು. ಭೂಮಿಯ ಪ್ರಶ್ನೆಯೇ ಅದರ ಮುಖ್ಯ ಕಾರಣ. ಇಕ್ಕಡೆಯವರೂ ಬಂದೂಕು ಹಿಡಿದರು. ಸೋದರಸಂಘದಲ್ಲಿ ಎರಡೂ ದ್ವೀಪಗಳ ತರುಣರಿದ್ದರು. 2000ದಲ್ಲಿ ಅವರು ಎರಡು ಪಡೆಗಳ ನಡುವಣ ಬಯಲಿನಲ್ಲಿ ಬಿಡಾರ ಹೂಡಿ, ಒಂದು ಪಾಳೆಯದಿಂದ ಇನ್ನೊಂದಕ್ಕೆ ನಡೆದುಹೋಗಿ ಶಾಂತಿಯ ಮಾತನಾಡಿದರು. ಅದೇ ಅಕ್ಟೋಬರಿನಲ್ಲಿ ಒಪ್ಪಂದವಾದ ಮೇಲೆ, ಜನರು ತಂದೊಪ್ಪಿಸಿದ ಆಯುಧಗಳನ್ನು ಒಯ್ದು ಸಮುದ್ರಕ್ಕೆ ಎಸೆದರು.

ಆದರೆ ಹೆರಾಲ್ಡ್ ಕೆಕೆ ಎಂಬ ಬಂಡಾಯದ ನಾಯಕನು ಒಪ್ಪಂದಕ್ಕೆ ಸೇರಲಿಲ್ಲ. 2003ರಲ್ಲಿ ಅವನೊಡನೆ ಶಾಂತಿಯ ಮಾತನಾಡಲು ಹೋದ ಸೋದರ ನೆಥಾನಿಯಲ್ ಸಾಡೋ ಹಿಂದಿರುಗಲಿಲ್ಲ. ಅವರು ಹತರಾದರೆಂಬ ಸುದ್ದಿ ಹಬ್ಬಿತು. ಅವರ ದೇಹವನ್ನಾದರೂ ತರಬೇಕೆಂದು ಏಪ್ರಿಲಿನಲ್ಲಿ ಆರು ಮಂದಿ ಸೋದರರು ನಿರಾಯುಧರಾಗಿ ಹೊರಟರು. ಅಪಾಯವನ್ನು ಅರಿಯದೆ ಹೊರಟವರಲ್ಲ. ಅವರೂ ಮರಳಲಿಲ್ಲ. ಜೊತೆಯವರು ತಿಂಗಳುಗಟ್ಟಲೆ ಪ್ರಾರ್ಥಿಸುತ್ತ ಕಾದರು. ಏಳು ಮಂದಿಯೂ ಕೊಲೆಯಾದರೆಂದು ಆಗಸ್ಟಿನಲ್ಲಿ ಖಚಿತವಾಯಿತು.

ಅವರ ಸಮಾಧಿಗಳು ಕೊಪುರಿಯಾ ಕೊಟ್ಟ ತಬಾಲಿಯಾದ ನೆಲದಲ್ಲಿಯೇ ಇವೆ. ಸಂಘವನ್ನು ಸೇರಬಯಸುವ ತರುಣರು ವ್ರತಕ್ಕೆ ಮುಂಚಿನ ಶಿಕ್ಷಣವನ್ನು ಪಡೆಯುವುದೂ ಅಲ್ಲಿಯೇ.